ಯಾವ ಮಳೆ ಕುಡಿದ ಹಣ್ಣು? ಶೆವಾತ್ ತಿಂಗಳ ಒಂದು ಲೆಕ್ಕ

(ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಕೇಳಿದವರು ಬರೆದುಕೊಡಿ ಅಂದರು. ಅಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು. ಧರ್ಮ, ತತ್ತ್ವ ನನ್ನ ಕ್ಷೇತ್ರ ಅಲ್ಲ. ಆದರೆ ಮಾರ್ಚ್ 31 ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಅವತ್ತು ರಾತ್ರಿ ಹನ್ನೊಂದಕ್ಕೆ ಬಂದ ಬಿಲ್ಲು ಹಳೆ ವರ್ಷದ್ದು. ಎರಡು ಗಂಟೆ ತಡವಾಗಿ ಬಂದರೆ ಹೊಸ ವರ್ಷದ್ದು. ಬಿಲ್ಲು ಅದೇ, ಹಣ ಅದೇ, ನಡುವೆ ಒಂದು ಗೆರೆ ಮಾತ್ರ. ಆ ಗೆರೆಗಾಗಿ ನಾವು ರಾತ್ರಿಯೆಲ್ಲ ಕೂತು ಕೆಲಸ ಮಾಡಿದ್ದೇವೆ.

ಯಹೂದಿಗಳ ಪಂಚಾಂಗ ಓದುವಾಗ ಅಂಥದ್ದೇ ಒಂದು ಗೆರೆ ಸಿಕ್ಕಿತು. ಅದು ಹಣದ ಗೆರೆ ಅಲ್ಲ, ಹಣ್ಣಿನದು. ಅದು ಇರುವುದು ಶೆವಾತ್ ಎಂಬ ಚಳಿಗಾಲದ ತಿಂಗಳಲ್ಲಿ. ಈ ತಿಂಗಳ ಹದಿನೈದಕ್ಕೆ ಮರಗಳ ಹೊಸ ವರ್ಷ. ಈಗ ಅದನ್ನು ಮಕ್ಕಳು ಗಿಡ ನೆಡುವ ಹಬ್ಬ ಅಂತ ಆಚರಿಸುತ್ತಾರೆ. ಆದರೆ ಹುಟ್ಟಿದಾಗ ಅದು ಹಬ್ಬವೇ ಆಗಿರಲಿಲ್ಲ. ಸುಮ್ನೆ ಒಂದು ಲೆಕ್ಕದ ದಿನ. ಇವತ್ತು ನಾನು ಹೇಳಬೇಕೆಂದಿರುವುದು ಆ ಲೆಕ್ಕದ ಕತೆ.

ಮೊದಲು ಪಂಚಾಂಗದ ಪರಿಚಯ. ನಮಗೆ ಇದು ಬೇಗ ಅರ್ಥ ಆಗುತ್ತದೆ, ಯಾಕೆಂದರೆ ನಮ್ಮದೂ ಅದೇ ಜಾತಿಯದು. ತಿಂಗಳು ಚಂದ್ರನದು, ವರ್ಷ ಸೂರ್ಯನದು. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ಬೇಸಿಗೆಯ ಹಬ್ಬ ಚಳಿಗಾಲಕ್ಕೆ ಜಾರುತ್ತದೆ. ಅದಕ್ಕೆ ನಾವು ಅಧಿಕ ಮಾಸ ಹಾಕುತ್ತೇವೆ, ಅವರೂ ಹಾಕುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಏಳು ಸಲ. ಒಂದು ವ್ಯತ್ಯಾಸ ಏನೆಂದರೆ, ನಮ್ಮ ಅಧಿಕ ಮಾಸ ಒಮ್ಮೆ ಶ್ರಾವಣ, ಒಮ್ಮೆ ಜ್ಯೇಷ್ಠ ಅಂತ ಜಾಗ ಬದಲಿಸುತ್ತದೆ. ಅವರದು ಯಾವಾಗಲೂ ಒಂದೇ ಕಡೆ, ಶೆವಾತ್ ಮುಗಿದ ಮೇಲೆ. ಅಧಿಕ ಬಂದ ವರ್ಷ ಅದಾರ್ ಎಂಬ ತಿಂಗಳು ಎರಡು ಸಲ ಬರುತ್ತದೆ.

ಶೆವಾತ್‌ಗೆ ಯಾವಾಗಲೂ 30 ದಿನ. ಜನವರಿ, ಫೆಬ್ರವರಿ ನಡುವೆ ಎಲ್ಲೋ ಬರುತ್ತದೆ. ಹೆಸರು ಹೀಬ್ರೂವಿನದಲ್ಲ, ಬಾಬಿಲೋನಿನದು. ಅಲ್ಲಿ ಶಬಾಟು ಅಂತಿತ್ತು. ಸೆರೆಯಾಗಿ ಬಾಬಿಲೋನಿಗೆ ಹೋದವರು ವಾಪಸ್ ಬರುವಾಗ ತಿಂಗಳ ಹೆಸರುಗಳನ್ನು ಜೊತೆಗೆ ತಂದರು ಅಂತ ಯಹೂದಿ ಪಂಡಿತರ ಚರ್ಚೆಗಳ ದೊಡ್ಡ ಗ್ರಂಥ ತಾಲ್ಮುಡ್ಡೇ ಒಪ್ಪಿಕೊಳ್ಳುತ್ತದೆ. ಅದಕ್ಕೂ ಹಿಂದೆ ಜಾಸ್ತಿ ತಿಂಗಳುಗಳಿಗೆ ಹೆಸರಿಗಿಂತ ಸಂಖ್ಯೆಯೇ ಬಳಕೆ. ಇದು ಹನ್ನೊಂದನೆಯ ತಿಂಗಳು. ಬೈಬಲ್ಲಿನ ಜೆಕರ್ಯನ ಪುಸ್ತಕದಲ್ಲಿ 'ಹನ್ನೊಂದನೆಯ ತಿಂಗಳು, ಅಂದರೆ ಶೆವಾತ್' ಎಂದು ಸಂಖ್ಯೆ, ಹೆಸರು ಎರಡೂ ಜೊತೆಯಾಗಿ ಬರುತ್ತವೆ. ನಾವು 'ರಾಮನಗರ, ಹಿಂದಿನ ಕ್ಲೋಸ್‌ಪೇಟೆ' ಅನ್ನುತ್ತೇವಲ್ಲ, ಹಾಗೆ.

ಈಗ ಮಳೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಯಾಕೆಂದರೆ ನಮ್ಮ ತಲೆಯಲ್ಲಿರುವ ಚಳಿಗಾಲ ಬೇರೆ, ಅವರದು ಬೇರೆ.

ನಮಗೆ ಜನವರಿ ಅಂದರೆ ಸುಗ್ಗಿ. ಒಣ ಗಾಳಿ, ಕಣ, ಎಳ್ಳು ಬೆಲ್ಲ. ಮಳೆ ಬಂದರೆ ಶಾಪ ಹಾಕುತ್ತೇವೆ. ಅಲ್ಲಿ ಜನವರಿ ಅಂದರೆ ನಡು ಮಳೆಗಾಲ. ಬೇಸಿಗೆ ಪೂರ್ತಿ ಒಂದು ಹನಿ ಬೀಳುವುದಿಲ್ಲ ಅಂದರೂ ತಪ್ಪಿಲ್ಲ. ಅಕ್ಟೋಬರ್ ನವೆಂಬರಿಗೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಅದರಲ್ಲೂ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ಜಾಸ್ತಿ. ಜೆರುಸಲೇಮಿಗೆ ವರ್ಷಕ್ಕೆ ಬರುವುದು ಸುಮಾರು 550 ಮಿಲಿಮೀಟರ್. ನಮ್ಮ ಬಯಲುಸೀಮೆಯ ಲೆಕ್ಕ. ಆಗುಂಬೆಯವರು ಅದನ್ನು ಕೇಳಿದರೆ ನಗುತ್ತಾರೆ.

ಬಯಲುಸೀಮೆಯ ರೈತ ಮಳೆಗೆ ಹೆಸರಿಡುತ್ತಾನೆ. 'ಭರಣಿ ಮಳೆ ಧರಣಿ ಬೆಳೆ' ಅಂತಾನೆ. ಅವರೂ ಹೆಸರಿಟ್ಟಿದ್ದಾರೆ. ಮೊದಲ ಮಳೆ ಯೊರೆ, ಕೊನೆಯ ಮಳೆ ಮಲ್ಕೋಶ್. ನಮ್ಮ ಮುಂಗಾರು, ಹಿಂಗಾರು ಅಂತಿಟ್ಟುಕೊಳ್ಳಿ, ಆದರೆ ಋತು ಉಲ್ಟಾ. 1908ರಲ್ಲಿ ಗೆಜೆರ್ ಎಂಬಲ್ಲಿ ಅಗೆಯುವಾಗ ಸುಣ್ಣಕಲ್ಲಿನ ಒಂದು ಚಿಕ್ಕ ಹಲಗೆ ಸಿಕ್ಕಿತು. ಸುಮಾರು ಮೂರು ಸಾವಿರ ವರ್ಷ ಹಳೆಯದು. ಈಗ ಇಸ್ತಾಂಬುಲ್‌ನ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲೆ ಬರೆದಿರುವುದು ಇಷ್ಟೇ: ಎರಡು ತಿಂಗಳು ಫಸಲು ಕೂಡಿಡುವುದು, ಎರಡು ತಿಂಗಳು ಬಿತ್ತನೆ, ಎರಡು ತಿಂಗಳು ತಡದ ಬಿತ್ತನೆ, ಒಂದು ತಿಂಗಳು ಅಗಸೆ, ಒಂದು ತಿಂಗಳು ಬಾರ್ಲಿ ಕೊಯ್ಲು... ಹೀಗೇ ಹನ್ನೆರಡು ತಿಂಗಳು. ದೇವರ ಹೆಸರಿಲ್ಲ, ಹಬ್ಬದ ಹೆಸರಿಲ್ಲ. ಬರೀ ಕೆಲಸ. ಅದರಲ್ಲಿ ನಮ್ಮ ಶೆವಾತ್ ಬೀಳುವುದು ತಡದ ಬಿತ್ತನೆಯ ಹೊತ್ತಿಗೆ.

ಮಳೆ ಬೇಡುವ ಪ್ರಾರ್ಥನೆಯ ಒಂದು ವಿಷಯ ನನಗೆ ತುಂಬಾ ಇಷ್ಟ. ಶರತ್ಕಾಲದ ಸುಕ್ಕೋತ್ ಹಬ್ಬಕ್ಕೆ ಎಲ್ಲ ಕಡೆಯಿಂದ ಜನ ಜೆರುಸಲೇಮಿಗೆ ಬರುತ್ತಿದ್ದರು. ಹಬ್ಬ ಮುಗಿದ ಕೂಡಲೇ ಮಳೆ ಕೊಡು ಅಂತ ಕೇಳಬಹುದಿತ್ತು, ನೆಲ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಆದರೂ ಹದಿನೈದು ದಿನ ತಡೆದರು. ಯಾಕೆ? ದೂರದ ಯಾತ್ರಿಕರು ಯೂಫ್ರೆಟಿಸ್ ನದಿ ಮುಟ್ಟುವ ತನಕ ದಾರಿ ಕೆಸರಾಗಬಾರದು ಅಂತ. ಇಸ್ರೇಲಿನಲ್ಲಿ ಇವತ್ತಿಗೂ ಆ ಹದಿನೈದು ದಿನ ಕಾಯುತ್ತಾರೆ. ಹೊರದೇಶದ ಯಹೂದಿಗಳಿಗೆ ಬೇರೆ ಲೆಕ್ಕ, ಅವರು ಡಿಸೆಂಬರ್ 4 ಅಥವಾ 5ರ ಸಂಜೆಯಿಂದ ಬೇಡುತ್ತಾರೆ. ಮುಂಬಯಿಯ ಯಹೂದಿ ಡಿಸೆಂಬರಿನಲ್ಲಿ ಮಳೆ ಕೊಡು ಅನ್ನುವುದನ್ನು ಪಕ್ಕದ ಮನೆಯವರು ಕೇಳಿಸಿಕೊಂಡರೆ ಏನಂದುಕೊಳ್ಳಬೇಕು ಹೇಳಿ!

ಸರಿ, ಲೆಕ್ಕಕ್ಕೆ ಬರೋಣ.

ಹಳೆಯ ಇಸ್ರೇಲಿನಲ್ಲಿ ಬೆಳೆದ ಬೆಳೆಯಲ್ಲಿ ಪಾಲು ಕೊಡಬೇಕಿತ್ತು. ಏಳು ವರ್ಷಕ್ಕೆ ಒಂದು ಸುತ್ತು. ಮೊದಲ ಪಾಲು ಪ್ರತಿ ವರ್ಷ ಲೇವಿಯರಿಗೆ, ಅಂದರೆ ದೇವಾಲಯದ ಸೇವೆಯ ಕುಲದವರಿಗೆ. ಆಮೇಲೆ ಇನ್ನೊಂದು ಹತ್ತನೇ ಒಂದು ಪಾಲು. ಸುತ್ತಿನ 1, 2, 4, 5ನೇ ವರ್ಷ ಅದನ್ನು ಜೆರುಸಲೇಮಿಗೆ ಒಯ್ದು ತಾವೇ ತಿನ್ನಬೇಕು. 3 ಮತ್ತು 6ನೇ ವರ್ಷ ಅದು ಬಡವರಿಗೆ. ಏಳನೇ ವರ್ಷ ನೆಲಕ್ಕೇ ರಜೆ. ಇದರ ಮೇಲೆ ಇನ್ನೊಂದು ನಿಯಮ: ಒಂದು ವರ್ಷದ ಹಣ್ಣಿನಿಂದ ಇನ್ನೊಂದು ವರ್ಷದ ಪಾಲು ತೀರಿಸುವ ಹಾಗಿಲ್ಲ. ಗಿಡ ನೆಟ್ಟ ಮೊದಲ ಮೂರು ವರ್ಷ ಅದರ ಹಣ್ಣು ಮುಟ್ಟುವ ಹಾಗೂ ಇಲ್ಲ.

ಈಗ ನೀವು ಆ ಕಾಲದ ತೋಟದ ಯಜಮಾನ ಅಂದುಕೊಳ್ಳಿ. ಮರದಲ್ಲಿ ಹಣ್ಣಿದೆ. ಇದು ಎರಡನೇ ವರ್ಷದ್ದೋ, ಮೂರನೇ ವರ್ಷದ್ದೋ? ನಿಮ್ಮ ಪಾಲಿಗೋ, ಬಡವರ ಪಾಲಿಗೋ? ಗೆರೆ ಎಲ್ಲಿ ಎಳೆಯಬೇಕು? ಕಾಳುಕಡಿಗೆ, ತರಕಾರಿಗೆ ಸುಲಭ. ಬಿತ್ತುತ್ತೀರಿ, ಕೀಳುತ್ತೀರಿ, ಆಯಿತು. ಮರ ಹಾಗಲ್ಲ. ಅದು ವರ್ಷವಿಡೀ ಅಲ್ಲೇ ನಿಂತಿರುತ್ತದೆ. ಹೂ ಒಂದು ತಿಂಗಳಲ್ಲಿ, ಹೀಚು ಇನ್ನೊಂದರಲ್ಲಿ, ಹಣ್ಣು ಮತ್ತೊಂದರಲ್ಲಿ.

ಅದಕ್ಕೆ ಮಿಶ್ನಾ ಒಂದು ಪಟ್ಟಿ ಕೊಡುತ್ತದೆ. ಮಿಶ್ನಾ ಅಂದರೆ ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯಹೂದಿ ನಿಯಮಗಳ ಸಂಗ್ರಹ. ವರ್ಷದಲ್ಲಿ ನಾಲ್ಕು ಹೊಸ ವರ್ಷ ಅನ್ನುತ್ತದೆ ಅದು. ರಾಜರ ಆಳ್ವಿಕೆ ಎಣಿಸಲು ಒಂದು, ದನಕುರಿಯ ಪಾಲಿಗೆ ಒಂದು, ವರ್ಷದ ಸಂಖ್ಯೆಗೂ ತರಕಾರಿಗೂ ಒಂದು, ಮರಕ್ಕೆ ಒಂದು. ನಮ್ಮಲ್ಲೂ ಯುಗಾದಿ ಒಂದು, ಏಪ್ರಿಲ್ 1 ಒಂದು, ಜನವರಿ 1 ಒಂದು, ಮಕ್ಕಳಿಗೆ ಜೂನ್ ಒಂದು. ವಿಚಿತ್ರ ಏನಿಲ್ಲ.

ಮರದ ಹೊಸ ವರ್ಷ ಶೆವಾತ್‌ನಲ್ಲಿ ಅನ್ನುವುದಕ್ಕೆ ಎಲ್ಲರ ಒಪ್ಪಿಗೆ ಇತ್ತು. ತಾರೀಖಿಗೆ ಮಾತ್ರ ಜಗಳ. ಆ ಕಾಲದ ವಿದ್ವಾಂಸರಲ್ಲಿ ಎರಡು ಪಂಥ. ಶಮ್ಮಾಯ್ ಪಂಥದವರು ಒಂದನೇ ತಾರೀಖು ಅಂದರು. ಹಿಲ್ಲೆಲ್ ಪಂಥದವರು ಹದಿನೈದು ಅಂದರು. ಕೊನೆಗೆ ಗೆದ್ದದ್ದು ಹಿಲ್ಲೆಲ್.

ಶೆವಾತೇ ಯಾಕೆ? ಈ ಪ್ರಶ್ನೆಯ ಉತ್ತರಕ್ಕಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಬಾಬಿಲೋನಿನ ತಾಲ್ಮುಡ್ ಹೇಳುತ್ತದೆ: ಅಷ್ಟು ಹೊತ್ತಿಗೆ ವರ್ಷದ ಮಳೆಯ ದೊಡ್ಡ ಪಾಲು ಬಿದ್ದಾಗಿರುತ್ತದೆ. ಜೆರುಸಲೇಮ್ ತಾಲ್ಮುಡ್ಡಿನಲ್ಲಿ ಇನ್ನೊಂದು ವಿವರಣೆ ಇದೆ. ಇಲ್ಲಿಯ ತನಕ ಮರ ಬದುಕುವುದು ಹೋದ ವರ್ಷದ ನೀರಿನ ಮೇಲೆ, ಇಲ್ಲಿಂದಾಚೆಗೆ ಬರುವ ವರ್ಷದ ನೀರಿನ ಮೇಲೆ.

ನೋಡಿ, ಮರವನ್ನು ಅವರು ಕೇಳಿದ ಪ್ರಶ್ನೆ 'ನೀನು ಯಾವಾಗ ಹೂ ಬಿಟ್ಟೆ' ಅಂತಲ್ಲ. 'ಯಾವ ಮಳೆ ಕುಡಿದೆ' ಅಂತ. ಹಳೆ ಮಳೆ ಕುಡಿದು ಕಟ್ಟಿದ ಹೀಚು ಹಳೆ ಖಾತೆಗೆ. ಹೊಸ ಮಳೆ ಕುಡಿದು ಕಟ್ಟಿದ ಹೀಚು ಹೊಸ ಖಾತೆಗೆ. ಹಣ್ಣು ಯಾವಾಗ ಕಿತ್ತಿರಿ ಅನ್ನುವುದು ಮುಖ್ಯವಲ್ಲ, ಹೀಚು ಯಾವಾಗ ಕಟ್ಟಿತು ಅನ್ನುವುದು ಮುಖ್ಯ. ನಮ್ಮ ಭಾಷೆಯಲ್ಲಿ ಹೀಚು, ಮಿಡಿ, ಕಾಯಿ, ದೋರಗಾಯಿ, ಹಣ್ಣು ಅಂತ ಇಷ್ಟು ಮೆಟ್ಟಿಲು ಇರುವುದರಿಂದ ನಮಗೆ ಈ ಮಾತು ತಟ್ಟನೆ ಹತ್ತುತ್ತದೆ.

ಹೂವನ್ನು ನಂಬಿದ್ದರೆ ಲೆಕ್ಕ ಕೆಡುತ್ತಿತ್ತು. ಆ ಹೊತ್ತಿಗೆ ಎಲ್ಲಕ್ಕಿಂತ ಮುಂಚೆ ಹೂ ಬಿಡುವ ಮರ ಬಾದಾಮಿ. ಉಳಿದ ಎಷ್ಟೋ ಮರಗಳು ಎಲೆ ಉದುರಿಸಿ ಕಡ್ಡಿಯ ಹಾಗೆ ನಿಂತಿರುತ್ತವೆ. ಬಾದಾಮಿಗೆ ಹೀಬ್ರೂವಿನಲ್ಲಿ ಶಾಕೇದ್. ಎಚ್ಚರವಾಗಿರುವುದು, ಕಾಯುವುದು ಅನ್ನುವ ಧಾತುವಿನದೇ ಪದ. ಎಲ್ಲ ಮಲಗಿರುವಾಗ ಎದ್ದಿರುವ ಮರ. ಪ್ರವಾದಿ ಯೆರೆಮೀಯನ ಪುಸ್ತಕದ ಶುರುವಿನಲ್ಲೇ ದೇವರು ಇದೇ ಶ್ಲೇಷೆ ಮಾಡುತ್ತಾನೆ: ಏನು ಕಾಣುತ್ತಿದೆ? ಬಾದಾಮಿಯ ಕೊಂಬೆ. ಸರಿಯಾಗಿ ಕಂಡೆ, ನನ್ನ ಮಾತು ನಡೆಸಲು ನಾನು ಎಚ್ಚರವಾಗಿದ್ದೇನೆ. ಕನ್ನಡದ ಬೈಬಲ್ಲಿನಲ್ಲಿ ಈ ಶ್ಲೇಷೆ ಕೈಗೆ ಸಿಗುವುದು ಕಷ್ಟ.

ಇನ್ನು ಲೆಕ್ಕದವರಿಗೆ ಖುಷಿ ಕೊಡುವ ಒಂದು ಕತೆ. ಎರಡನೇ ಶತಮಾನದ ದೊಡ್ಡ ವಿದ್ವಾಂಸ ರಬ್ಬಿ ಅಕೀವ. ಒಂದು ಸಲ ಶೆವಾತ್ ಒಂದನೇ ತಾರೀಖು ಒಂದು ಮಾದಲ ಹಣ್ಣು ಕಿತ್ತರು. ಶಮ್ಮಾಯ್ ಪ್ರಕಾರ ಅವತ್ತಿಗೆ ಹೊಸ ವರ್ಷ ಬಂದಾಯಿತು. ಹಿಲ್ಲೆಲ್ ಪ್ರಕಾರ ಇನ್ನೂ ಹದಿನಾಲ್ಕು ದಿನ ಇದೆ. ಅದು ಎರಡನೇ ವರ್ಷ ಹೋಗಿ ಮೂರನೇ ವರ್ಷ ಬರುವ ಸಂದು. ಅಕೀವ ಏನು ಮಾಡಿದರು ಗೊತ್ತಾ? ಎರಡೂ ಪಾಲು ತೆಗೆದಿಟ್ಟರು. ಇವರ ಲೆಕ್ಕಕ್ಕೆ ಒಂದು, ಅವರ ಲೆಕ್ಕಕ್ಕೆ ಒಂದು. ಆಡಿಟ್‌ನವರು ಬಂದರೆ ಯಾವ ಕಡೆಯಿಂದಲೂ ತೊಂದರೆ ಇಲ್ಲ! ತಾಲ್ಮುಡ್ಡಿನ ಪಂಡಿತರು ಮಾತ್ರ ಇದನ್ನು ಅಲ್ಲಿಗೇ ಬಿಡಲಿಲ್ಲ. ಮಾದಲ ವರ್ಷವಿಡೀ ಮರದಲ್ಲಿರುವ ಹಣ್ಣು. ನೀರು ಹಾಯಿಸಿದರೆ ಬೆಳೆಯುತ್ತದೆ, ತರಕಾರಿಯ ಹಾಗೆ. ಹಾಗಾದರೆ ಅದಕ್ಕೆ ಹೀಚು ಕಟ್ಟಿದ ದಿನ ನೋಡಬೇಕೋ, ಕಿತ್ತ ದಿನ ನೋಡಬೇಕೋ? ಅಕೀವರ ಗೊಂದಲ ಯಾವುದು? ಅಂತ ಪುಟಗಟ್ಟಲೆ ವಾದ ಇದೆ. ನಾನು ಅದನ್ನು ಎರಡು ಸಲ ಓದಿ ಒಂದು ಸಲ ಅರ್ಥ ಮಾಡಿಕೊಂಡೆ.

ಇಷ್ಟೆಲ್ಲ ಲೆಕ್ಕ ಇದ್ದದ್ದು ಆ ನೆಲದ ಹಣ್ಣಿಗೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು. ಜನ ಚದುರಿ ಹೋದರು. ಪೋಲೆಂಡಿನ ಸೇಬಿಗೆ, ಯೆಮನ್ನಿನ ಖರ್ಜೂರಕ್ಕೆ ಆ ಪಾಲಿನ ಲೆಕ್ಕ ಇಲ್ಲ. ಆದರೂ ತಾರೀಖು ಮಾತ್ರ ಉಳಿಯಿತು. ಖಾತೆ ಮುಚ್ಚಿದ ಮೇಲೂ ಖಾತೆ ಪುಸ್ತಕ ಎಸೆಯದ ಮನೆಯವರ ಹಾಗೆ. ನೂರಾರು ವರ್ಷ ಅದಕ್ಕೆ ಸಿಕ್ಕ ಮರ್ಯಾದೆ ಅಂದರೆ, ಅವತ್ತು ಪಾಪ ನಿವೇದನೆಯ ಪ್ರಾರ್ಥನೆ ಬಿಡುತ್ತಿದ್ದರು, ಉಪವಾಸ ಮಾಡುತ್ತಿರಲಿಲ್ಲ. ಅಷ್ಟೇ.

ಹೆಸರೂ ಬರೀ ತಾರೀಖೇ. ತು ಬಿಶ್ವಾತ್ ಅಂದರೆ ಶೆವಾತ್ ಹದಿನೈದು. ಹೀಬ್ರೂವಿನಲ್ಲಿ ಅಕ್ಷರಕ್ಕೆ ಸಂಖ್ಯೆಯ ಬೆಲೆ ಇದೆ, ನಮ್ಮ ಕಟಪಯಾದಿಯ ಹಾಗೆ. ಒಂಬತ್ತರ ಅಕ್ಷರ, ಆರರ ಅಕ್ಷರ ಸೇರಿ ತು. ಹತ್ತು ಮತ್ತು ಐದು ಬರೆದರೆ ಸಲೀಸಲ್ವಾ? ಬರೆಯುವುದಿಲ್ಲ. ಆ ಎರಡು ಅಕ್ಷರ ಸೇರಿದರೆ ದೇವರ ಹೆಸರಿನ ಮೊದಲ ಭಾಗ ಆಗುತ್ತದೆ. ದಿನಬಳಕೆಯ ಲೆಕ್ಕದಲ್ಲಿ ಅದನ್ನು ಗೀಚಬಾರದು ಅಂತ.

ನಂತರ ಹಣ್ಣು ತಿನ್ನುವ ಪದ್ಧತಿ ಬಂತು. ಚಳಿ ದೇಶದ ಯಹೂದಿಗಳಿಗೆ ಜನವರಿಯಲ್ಲಿ ಆ ನೆಲದ ಹಣ್ಣು ಎಲ್ಲಿ ಸಿಗಬೇಕು? ಹಡಗಿನಲ್ಲಿ ಬಂದರೂ ಕೆಡದೆ ಉಳಿಯುತ್ತಿದ್ದದ್ದು ಕ್ಯಾರಬ್ ಎಂಬ ಒಣ ಕಾಯಿ. ನೋಡಲು ನಮ್ಮ ಹುಣಸೆಕಾಯಿಯ ದೊಡ್ಡಣ್ಣ. ಅಗಿಯುವುದು ಚರ್ಮ ಅಗಿದ ಹಾಗೆ, ಆದರೆ ಸಿಹಿ. ತಲೆಮಾರುಗಟ್ಟಲೆ ಮಕ್ಕಳು ಅದನ್ನು ಜಗಿದು ಜೆರುಸಲೇಮಿನ ರುಚಿ ಇದೇ ಅಂದುಕೊಂಡರು. ಪಾಪ.

ಹದಿನಾರನೇ ಶತಮಾನದಲ್ಲಿ ಉತ್ತರ ಗಲಿಲಾಯದ ಸಫೇದ್ ಊರಿನಲ್ಲಿ ಕಬ್ಬಾಲಾ ಅನುಭಾವಿಗಳ ದೊಡ್ಡ ಗುಂಪಿತ್ತು. ಸ್ಪೇನಿನಿಂದ 1492ರಲ್ಲಿ ಹೊರದಬ್ಬಿಸಿಕೊಂಡವರ ಮನೆತನಗಳು ಅದರಲ್ಲಿ ಬಹಳ. ಅವರಿಗೆ ದೇವರೆಂದರೆ ಮೇಲೆ ಬೇರು, ಕೆಳಗೆ ಕೊಂಬೆ ಇರುವ ಮರ. ಗೀತೆಯ ಅಶ್ವತ್ಥ ನೆನಪಾಯಿತಲ್ವಾ? ನನಗೂ ಆಯಿತು. ಅವರ ಪರಂಪರೆಯಲ್ಲಿ ಬೆಳೆದ ಆಚರಣೆ ಹದಿನೆಂಟನೇ ಶತಮಾನದಲ್ಲಿ ಅಚ್ಚಾಯಿತು. ನಾಲ್ಕು ಬಟ್ಟಲು ದ್ರಾಕ್ಷಾರಸ. ಮೊದಲನೆಯದು ಬಿಳಿ. ಎರಡನೆಯದರಲ್ಲಿ ಸ್ವಲ್ಪ ಕೆಂಪು ಬೆರೆಯುತ್ತದೆ. ಮೂರನೆಯದರಲ್ಲಿ ಕೆಂಪು ಜಾಸ್ತಿ. ನಾಲ್ಕನೆಯದು ಪೂರ್ತಿ ಕೆಂಪು. ಚಳಿಗಾಲ ಬೇಸಿಗೆಯಾಗುವುದನ್ನು ಬಟ್ಟಲಿನಲ್ಲೇ ತೋರಿಸುತ್ತಾರೆ. ಜೊತೆಗೆ ಹಣ್ಣುಗಳು: ಹೊರಗೆ ಸಿಪ್ಪೆ ಗಟ್ಟಿ ಇರುವ ದಾಳಿಂಬೆ, ಬಾದಾಮಿ; ಒಳಗೆ ಬೀಜ ಗಟ್ಟಿ ಇರುವ ಖರ್ಜೂರ, ಆಲಿವ್; ಪೂರ್ತಿ ತಿನ್ನಬಹುದಾದ ಅಂಜೂರ, ದ್ರಾಕ್ಷಿ. ನಾನು ಮನೆಯಲ್ಲಿ ಬಟ್ಟಲು ಬಿಟ್ಟು ಹಣ್ಣು ಮಾತ್ರ ಜೋಡಿಸಿ ನೋಡಿದೆ. ಮೊಮ್ಮಗಳು ದಾಳಿಂಬೆ ಬಿಡಿಸುವ ಹೊತ್ತಿಗೆ ನಾನು ಅಂಜೂರ ಮುಗಿಸಿದ್ದೆ.

ಗಿಡ ನೆಡುವುದು ತೀರಾ ಈಚಿನದು. 1890ರಲ್ಲಿ ಜಿಖ್ರೋನ್ ಯಾಕೋವ್ ಎಂಬ ಹಳ್ಳಿಯ ಶಾಲೆಯ ಮೇಷ್ಟ್ರು ಜೆಯೆವ್ ಯಾವೆಟ್ಜ್ ಅವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ಗಿಡ ನೆಡಿಸಿದರು. ಆಮೇಲೆ ಶಿಕ್ಷಕರ ಸಂಘ, ಯಹೂದಿ ರಾಷ್ಟ್ರೀಯ ನಿಧಿ ಅದನ್ನು ಹಿಡಿದುಕೊಂಡವು. 1949ರ ಫೆಬ್ರವರಿ 14ರಂದು ಇಸ್ರೇಲಿನ ಸಂಸತ್ತು ಮೊದಲ ಸಲ ಸೇರಿದ್ದೂ ತು ಬಿಶ್ವಾತ್ ದಿನವೇ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನೆಟ್ಟದ್ದರಲ್ಲಿ ಬಹಳ ಕಾಲ ಪೈನ್ ಮರಗಳೇ ಜಾಸ್ತಿ, ಅವು ಬೆಂಕಿಗೆ ಬೇಗ ತುತ್ತಾಗುತ್ತವೆ. 2010ರ ಡಿಸೆಂಬರಿನಲ್ಲಿ ಕಾರ್ಮೆಲ್ ಬೆಟ್ಟದ ಕಾಳ್ಗಿಚ್ಚಿನಲ್ಲಿ 44 ಜನ ಸತ್ತರು. 1948ರಲ್ಲಿ ಖಾಲಿಯಾದ ಪ್ಯಾಲೆಸ್ತೀನಿ ಹಳ್ಳಿಗಳ ಮೇಲೂ ಕೆಲವು ಕಾಡು ಎದ್ದಿವೆ. 2022ರ ಜನವರಿಯಲ್ಲಿ, ಈ ಹಬ್ಬದ ಆಸುಪಾಸಿನಲ್ಲೇ, ನೆಗೆವ್ ಮರುಭೂಮಿಯಲ್ಲಿ ಗಿಡ ನೆಡಲು ಹೋದಾಗ ಅಲ್ಲಿನ ಬೆದೂಯಿನ್ನರು ಬೀದಿಗಿಳಿದರು. ಗಿಡ ನೆಡುವುದಕ್ಕೂ ಜನ ಜಗಳ ಆಡುತ್ತಾರಾ ಅಂತ ಕೇಳಬೇಡಿ. ನೆಲ ಯಾರದು ಅನ್ನುವ ಜಗಳ ಅದು.

ನಮ್ಮ ಕಡೆಗೆ ಒಂದು ನಂಟು ಇದೆ. ಕೊಂಕಣದ ಅಲಿಬಾಗ್ ಸುತ್ತ ನೂರಾರು ವರ್ಷ ಇದ್ದವರು ಬೆನೆ ಇಸ್ರೇಲ್ ಯಹೂದಿಗಳು. ಗಾಣದ ಎಣ್ಣೆ ತೆಗೆಯುವ ಕಸುಬು, ಮನೆಮಾತು ಮರಾಠಿ. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ' ಅನ್ನುತ್ತಿದ್ದರು. ಪ್ರವಾದಿ ಎಲಿಯ ಬೆಂಕಿಯ ರಥದಲ್ಲಿ ಸ್ವರ್ಗಕ್ಕೆ ಹೋದ ಅಂತ ಬೈಬಲ್ಲಿನಲ್ಲಿದೆ. ಹೋಗುವಾಗ ಇಲ್ಲೇ, ಅಲಿಬಾಗ್ ಹತ್ತಿರದ ಖಂಡಾಳೆಯಲ್ಲಿ, ಬಂಡೆಯ ಮೇಲೆ ಗುರುತು ಬಿಟ್ಟು ಹೋದ, ಅದೂ ತು ಬಿಶ್ವಾತ್ ದಿನ ಅನ್ನುವುದು ಇವರ ನಂಬಿಕೆ. ಆ ದಿನವನ್ನು ಅವರು ಕರೆಯುವುದೇ 'ಎಲಿಯಾಹು ಹನ್ನಾಬಿಚಾ ಉರುಸ್' ಅಂತ. ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಒಣಹಣ್ಣು ಕಲಸಿ, ಸುತ್ತ ಹಣ್ಣು ಇಟ್ಟು, ಹೀಬ್ರೂವಿನಲ್ಲಿ ಹರಕೆ ಹೇಳಿ ಹಂಚುತ್ತಾರೆ. ಆ ಅವಲಕ್ಕಿಯ ಹೆಸರು ಮಲೀದಾ.

ಉರುಸು, ಮಲೀದಾ. ಕಲಬುರಗಿ, ವಿಜಯಪುರ ಕಡೆಯವರು ಆಗಲೇ ನಗುತ್ತಿದ್ದೀರಿ. ದರ್ಗಾದ ಮಾತು, ಕೊಂಕಣದ ಅವಲಕ್ಕಿ, ಹೀಬ್ರೂ ಪ್ರಾರ್ಥನೆ, ಎಲ್ಲ ಒಂದೇ ತಟ್ಟೆಯಲ್ಲಿ.

ಇನ್ನೊಂದು ವಿಷಯ ನಂಟಲ್ಲ, ಬರೀ ಚಂದ್ರನ ಆಟ. ಹದಿನೈದು ಅಂದರೆ ಹುಣ್ಣಿಮೆ. ಹಾಗಾಗಿ ತು ಬಿಶ್ವಾತ್ ನಮ್ಮ ಬನದ ಹುಣ್ಣಿಮೆಯ ಜೊತೆಗೋ ಭಾರತ ಹುಣ್ಣಿಮೆಯ ಜೊತೆಗೋ ಬರುತ್ತದೆ, ಒಂದು ದಿನ ಹೆಚ್ಚು ಕಡಿಮೆ. 2022ರ ಜನವರಿ 17, 2024ರ ಜನವರಿ 25, ಎರಡೂ ಬನದ ಹುಣ್ಣಿಮೆ. ಅಲ್ಲಿ ಮರದ ಹೊಸ ವರ್ಷ, ಇಲ್ಲಿ ಬನಶಂಕರಿಯ ಜಾತ್ರೆ, ಬಗೆಬಗೆಯ ತರಕಾರಿಯ ಪಲ್ಯ. ಅಲ್ಲಿ ಬಾದಾಮಿ ಹೂ ಬಿಡುವ ಹೊತ್ತು, ಇಲ್ಲಿ ಜಾತ್ರೆ ಬಾದಾಮಿಯಲ್ಲೇ. ಇದರಿಂದ ಯಾರೂ ಸಿದ್ಧಾಂತ ಕಟ್ಟಬೇಡಿ ದಯವಿಟ್ಟು!

ಕೊನೆಗೆ ಒಂದು ಪ್ರಶ್ನೆ ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ, ಅಡಿಕೆ ತೋಟ ಇರುವ ಹಿರಿಯರೊಬ್ಬರು ಎದ್ದು ಕೇಳಿದರು: "ಅಲ್ಲ ಸ್ವಾಮಿ, ಅಧಿಕ ಮಾಸ ಬರೋದು ಶೆವಾತ್ ಆದ್ಮೇಲೆ ಅಂದ್ರಿ. ಅಂದ್ರೆ ಆ ವರ್ಷ ಶೆವಾತ್ ಬೇಗ ಬಂದಿರುತ್ತೆ. ಮರಕ್ಕೆ ಇನ್ನೂ ಮಳೆ ಸಾಲಿರಲ್ಲ. ಮರಕ್ಕೇನು ಪಂಚಾಂಗ ಗೊತ್ತಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮೂರನೇ ಶತಮಾನದಲ್ಲಿ ರಬ್ಬಿ ಯೋಹಾನಾನ್ ತಮ್ಮ ಗುರು ಯನ್ನಾಯ್ ಅವರನ್ನು ಕೇಳಿದ್ದು ಹೆಚ್ಚೂಕಡಿಮೆ ಇದನ್ನೇ. ಮಾದಲದ ಹೊಸ ವರ್ಷ ಯಾವಾಗ? ಶೆವಾತ್. ಪಂಚಾಂಗದ ಶೆವಾತೋ, ಋತುವಿನ ಶೆವಾತೋ? ಪಂಚಾಂಗದ್ದು. ಅಧಿಕ ಮಾಸ ಬಂದ ವರ್ಷ ಏನು ಮಾಡುವುದು? ಗುರು ಹೇಳಿದರು: ಜಾಸ್ತಿ ವರ್ಷಗಳು ಹೇಗೆ ನಡೆಯುತ್ತವೋ ಹಾಗೇ ನಡೆಸು.

ತೋಟದ ಹಿರಿಯರಿಗೆ ಈ ಉತ್ತರ ಅಷ್ಟಾಗಿ ಹಿಡಿಸಲಿಲ್ಲ. "ಅದು ಗುಮಾಸ್ತರ ಉತ್ತರ" ಅಂದು ಕೂತರು.